ದೇಶ ಕಾಯುವ ಕೆಲಸಕ್ಕೆ ವಿದೇಶದಲ್ಲಿ ಓದು: ಯಾವ ಡಿಗ್ರಿ ಎಲ್ಲಿಗೆ ಮುಟ್ಟಿಸುತ್ತದೆ?

2025ರ ಮೇ 7ರಂದು ದೆಹಲಿಯಲ್ಲಿ ಕರ್ನಲ್ ಸೋಫಿಯಾ ಖುರೇಶಿ ಪತ್ರಕರ್ತರಿಗೆ ಆಪರೇಷನ್ ಸಿಂಧೂರದ ವಿವರ ಕೊಟ್ಟರು. ಬೆಳಗಾವಿ ಜಿಲ್ಲೆಯವರಿಗೆ ಅವರು ಗೋಕಾಕ ತಾಲ್ಲೂಕಿನ ಕೊಣ್ಣೂರಿನ ಸೊಸೆ. ಟಿವಿಯಲ್ಲಿ ಅವರನ್ನು ನೋಡಿದ ಮೇಲೆ ಈ ಭಾಗದ ಹುಡುಗ ಹುಡುಗಿಯರು ಕೇಳುವ ಪ್ರಶ್ನೆಗಳೂ ಬದಲಾಗಿವೆ. ಮೊದಲೆಲ್ಲ "ಮಿಲಿಟರಿ ಭರ್ತಿ ಯಾವಾಗ?" ಅನ್ನುವುದೊಂದೇ ಪ್ರಶ್ನೆ. ಈಗ "ಲಂಡನ್‌ನಲ್ಲಿ ನ್ಯಾಷನಲ್ ಸೆಕ್ಯುರಿಟಿ ಓದಿದರೆ ರಾ ಸೇರಬಹುದಾ?", "ಸೈಬರ್ ಸೆಕ್ಯುರಿಟಿ ಮಾಸ್ಟರ್ಸ್ ಮಾಡಿದರೆ ಸರ್ಕಾರ ಕೆಲಸಕ್ಕೆ ಕರೆಯುತ್ತದಾ?" ಅಂತ ಕೇಳುತ್ತಾರೆ. ವಿದೇಶ ಶಿಕ್ಷಣದ ಏಜೆಂಟರ ಹತ್ತಿರ ಇಂಥ ಪ್ರಶ್ನೆಗೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: "ಬೇಕಾದಷ್ಟು ಸ್ಕೋಪ್ ಇದೆ."

ಸ್ಕೋಪ್ ಇರುವುದು ನಿಜ. ಆದರೆ ಎಲ್ಲಿ ಇದೆ, ಎಲ್ಲಿ ಇಲ್ಲ ಅನ್ನುವುದು ಸ್ವಲ್ಪ ತೊಡಕಿನ ವಿಷಯ. ಸೋಫಿಯಾ ಖುರೇಶಿ ಅವರದೇ ಉದಾಹರಣೆ ನೋಡಿ. ಅವರು ಓದಿದ್ದು ವಡೋದರಾದಲ್ಲಿ, ಬಯೋಕೆಮಿಸ್ಟ್ರಿ ಎಂಎಸ್‌ಸಿ. 1999ರಲ್ಲಿ ಚೆನ್ನೈನ ಆಫೀಸರ್ಸ್ ಟ್ರೈನಿಂಗ್ ಅಕಾಡೆಮಿಯಿಂದ ಸೈನ್ಯ ಸೇರಿದರು. ಸೇರುವುದಕ್ಕೆ ವಿದೇಶದ ಡಿಗ್ರಿ ಬೇಕಾಗಿರಲಿಲ್ಲ.

ಮೊದಲು, ರಾಷ್ಟ್ರೀಯ ಭದ್ರತೆ ಅಂದರೆ ಏನೇನು?

ನಮ್ಮ ಕಡೆ ದೇಶದ ಭದ್ರತೆ ಅಂದ ಕೂಡಲೇ ಸಮವಸ್ತ್ರ ಕಣ್ಣ ಮುಂದೆ ಬರುತ್ತದೆ. ಬರುವುದು ಸಹಜವೇ. ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ಇದೆ, ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ನೆಲೆ ಇದೆ, 1945ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಿಲಿಟರಿ ಶಾಲೆ ಇದೆ. ವಿಜಯಪುರದ ಸೈನಿಕ ಶಾಲೆ ಶುರುವಾಗಿದ್ದು 1963ರಲ್ಲಿ.

ಸಮವಸ್ತ್ರದ ಆಚೆಗೂ ಇದರಲ್ಲಿ ಬೇಕಾದಷ್ಟು ಕೆಲಸಗಳಿವೆ. ಬೇಹುಗಾರಿಕೆಗೆ ದೇಶದ ಒಳಗೆ ಇಂಟೆಲಿಜೆನ್ಸ್ ಬ್ಯೂರೋ ಅಂದರೆ ಐಬಿ, ಹೊರಗೆ 1968ರಲ್ಲಿ ಹುಟ್ಟಿದ ರಾ. ಭಯೋತ್ಪಾದನೆ ಪ್ರಕರಣಗಳ ತನಿಖೆಗೆ ಎನ್‌ಐಎ. ಮುಂಬೈ ಮೇಲಿನ ದಾಳಿಯ ನಂತರ 2008ರಲ್ಲಿ ಕಾನೂನು ಮಾಡಿ ತಂದಿದ್ದು. ಸೈಬರ್ ದಾಳಿಗಳನ್ನು ನೋಡಿಕೊಳ್ಳುವುದು ಸರ್ಟ್-ಇನ್, ಆಯುಧ ಮತ್ತು ಕ್ಷಿಪಣಿ ಸಂಶೋಧನೆ ಡಿಆರ್‌ಡಿಒ, ಬೇರೆ ದೇಶಗಳ ಜೊತೆ ಮಾತುಕತೆ ವಿದೇಶಾಂಗ ಸೇವೆ. ಇವೆಲ್ಲ ಸರ್ಕಾರಿ ಕೆಲಸಗಳು.

ಸರ್ಕಾರದ ಹೊರಗೂ ಒಂದು ದೊಡ್ಡ ವಲಯ ಇದೆ. ಗಡಿ, ಯುದ್ಧ, ನೆರೆ ದೇಶಗಳ ರಾಜಕೀಯವನ್ನು ಅಧ್ಯಯನ ಮಾಡಿ ಬರೆಯುವ ಸಂಸ್ಥೆಗಳಿಗೆ ಥಿಂಕ್ ಟ್ಯಾಂಕ್ ಅನ್ನುತ್ತಾರೆ. ಬೆಂಗಳೂರಿನ ತಕ್ಷಶಿಲಾ ಸಂಸ್ಥೆ, ದೆಹಲಿಯ ಒಆರ್‌ಎಫ್ ಇಂಥವು. ಇದೇ ಕೆಲಸ ಮಾಡುವ ದೆಹಲಿಯ ಮನೋಹರ ಪರಿಕ್ಕರ್ ರಕ್ಷಣಾ ಅಧ್ಯಯನ ಸಂಸ್ಥೆ 1965ರಿಂದ ಇದೆ. ಅದಕ್ಕೆ ದುಡ್ಡು ಕೊಡುವುದು ರಕ್ಷಣಾ ಸಚಿವಾಲಯ. ಇನ್ನು ಬ್ಯಾಂಕು, ಐಟಿ ಕಂಪನಿಗಳಲ್ಲಿ ಸೈಬರ್ ಭದ್ರತೆಯವರು, ಹಡಗು ಮತ್ತು ತೈಲ ಕಂಪನಿಗಳಲ್ಲಿ "ಈ ದೇಶದಲ್ಲಿ ದುಡ್ಡು ಹಾಕಿದರೆ ಎಷ್ಟು ಅಪಾಯ?" ಅಂತ ಲೆಕ್ಕ ಹಾಕುವವರು, ವಿಶ್ವವಿದ್ಯಾಲಯಗಳಲ್ಲಿ ಪಾಠ ಮಾಡುವವರು ಇದ್ದಾರೆ.

ವಿದೇಶದ ಡಿಗ್ರಿಗೆ ಜಾಸ್ತಿ ಬೆಲೆ ಇರುವುದು ಈ ಎರಡನೇ ವಲಯದಲ್ಲಿ. ಮೊದಲನೆಯದಕ್ಕೆ ಬಾಗಿಲು ಪರೀಕ್ಷೆ. ಇದೊಂದು ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಮನೆಗಳಲ್ಲಿ ಲಕ್ಷಗಟ್ಟಲೆ ಸಾಲದ ಮಾತು ಶುರುವಾಗಿಬಿಡುತ್ತದೆ.

ಅಲ್ಲಿ ಕ್ಲಾಸಿನಲ್ಲಿ ಏನು ಕಲಿಸುತ್ತಾರೆ?

ಹೆಸರುಗಳು ಹಲವು. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಯುದ್ಧ ಅಧ್ಯಯನಕ್ಕೇ ಒಂದು ಪ್ರತ್ಯೇಕ ವಿಭಾಗ ಇದೆ. ಅಮೆರಿಕದ ಜಾರ್ಜ್‌ಟೌನ್‌ನಲ್ಲಿ ಸೆಕ್ಯುರಿಟಿ ಸ್ಟಡೀಸ್, ಸಿಂಗಾಪುರದ ರಾಜರತ್ನಂ ಸ್ಕೂಲಿನಲ್ಲಿ ಸ್ಟ್ರಾಟೆಜಿಕ್ ಸ್ಟಡೀಸ್. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ಭಯೋತ್ಪಾದನೆಯ ಅಧ್ಯಯನಕ್ಕೆ ಹೆಸರಾದದ್ದು. ನೆದರ್‌ಲೆಂಡ್ಸಿನ ಲೈಡನ್ ವಿಶ್ವವಿದ್ಯಾಲಯ ಹೇಗ್ ನಗರದಲ್ಲಿ ಕ್ರೈಸಿಸ್ ಅಂಡ್ ಸೆಕ್ಯುರಿಟಿ ಮ್ಯಾನೇಜ್‌ಮೆಂಟ್ ಕಲಿಸುತ್ತದೆ. ಸೈಬರ್ ಕಡೆ ಒಲವಿದ್ದವರಿಗೆ ಇಂಗ್ಲೆಂಡಿನ ರಾಯಲ್ ಹಾಲೊವೇ, ಎಸ್ಟೋನಿಯಾದ ಟಾಲಿನ್ ಇವೆ.

ಎಲ್ಲಕ್ಕಿಂತ ಜಾಸ್ತಿ ತಪ್ಪು ತಿಳಿವಳಿಕೆ ಇರುವುದು ಇಂಟೆಲಿಜೆನ್ಸ್ ಸ್ಟಡೀಸ್ ಅನ್ನುವ ಕೋರ್ಸಿನ ಬಗ್ಗೆ. ಹೆಸರು ಕೇಳಿದರೆ ಗೂಢಚಾರರ ತರಬೇತಿ ಅನ್ನಿಸುತ್ತದೆ, ಅಲ್ವಾ? ಅಲ್ಲಿ ಯಾರೂ ಬೀಗ ಒಡೆಯುವುದನ್ನಾಗಲಿ ಹಿಂಬಾಲಿಸುವುದನ್ನಾಗಲಿ ಕಲಿಸುವುದಿಲ್ಲ. ಸಿಕ್ಕ ಮಾಹಿತಿಯನ್ನು ಹೇಗೆ ತೂಗಬೇಕು, ಎಲ್ಲಿ ಮೋಸ ಹೋಗುತ್ತೇವೆ ಅನ್ನುವುದೇ ಪಾಠ.

1973ರ ಅಕ್ಟೋಬರ್ 6ರಂದು ಈಜಿಪ್ಟ್ ಮತ್ತು ಸಿರಿಯಾ ಒಟ್ಟಿಗೆ ಇಸ್ರೇಲ್ ಮೇಲೆ ದಾಳಿ ಮಾಡಿದವು. ಗಡಿಯಲ್ಲಿ ಸೈನ್ಯ ಜಮಾಯಿಸುತ್ತಿರುವುದು ಇಸ್ರೇಲಿಗೆ ಕಾಣುತ್ತಿತ್ತು. ಆದರೂ ಯುದ್ಧ ಆಗುವುದಿಲ್ಲ ಅಂತ ಅದರ ಮಿಲಿಟರಿ ಬೇಹುಗಾರರು ನಂಬಿದ್ದರು. ದೂರ ಹೋಗಿ ಬಾಂಬ್ ಹಾಕುವ ವಿಮಾನ ಕೈಗೆ ಬರುವ ತನಕ ಈಜಿಪ್ಟ್ ಯುದ್ಧಕ್ಕೆ ಇಳಿಯುವುದಿಲ್ಲ, ಈಜಿಪ್ಟ್ ಬಿಟ್ಟು ಸಿರಿಯಾ ಒಂದೇ ಬರುವುದಿಲ್ಲ ಅನ್ನುವ ಲೆಕ್ಕಾಚಾರ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಬಂದ ಪ್ರತಿ ಸುದ್ದಿಯನ್ನೂ ಆ ಲೆಕ್ಕಕ್ಕೆ ಹೊಂದಿಸಿಕೊಂಡರು. ವಿದ್ಯಾರ್ಥಿಗಳು ಇಂಥ ಘಟನೆಯ ದಾಖಲೆ ಓದಿ, ಎಲ್ಲಿ ಎಡವಿದರು ಅಂತ ಪ್ರಬಂಧ ಬರೆಯುತ್ತಾರೆ.

ಜೊತೆಗೆ ಒಂದು ಪಟ್ಟಿ ಹಾಕುವುದನ್ನೂ ಕಲಿಯುತ್ತಾರೆ. ಸಿಐಎಯಲ್ಲಿದ್ದ ರಿಚರ್ಡ್ಸ್ ಹ್ಯೂಯರ್ ರೂಪಿಸಿದ ವಿಧಾನ ಅದು. ಹಾಳೆಯ ಮೇಲ್ಗಡೆ ಸಾಲಾಗಿ ಸಾಧ್ಯತೆಗಳನ್ನು ಬರೆಯಬೇಕು: ದಾಳಿ ಮಾಡುತ್ತಾರೆ, ಬರೀ ಹೆದರಿಸುತ್ತಿದ್ದಾರೆ, ಸುಮ್ನೆ ಕವಾಯತು ನಡೆಸುತ್ತಿದ್ದಾರೆ. ಎಡಗಡೆ ಸಿಕ್ಕ ಸುಳಿವುಗಳು. ಪ್ರತಿ ಸುಳಿವು ಯಾವ ಸಾಧ್ಯತೆಗೆ ವಿರುದ್ಧವಾಗಿದೆ ಅಂತ ಗುರುತು ಹಾಕುತ್ತಾ ಹೋಗಬೇಕು. ನಮಗೆ ಇಷ್ಟವಾದ ಉತ್ತರಕ್ಕೆ ಪುರಾವೆ ಹುಡುಕುವುದು ಎಲ್ಲರ ಚಟ. ಈ ಪಟ್ಟಿ ಅದನ್ನು ತಿರುಗಿಸುತ್ತದೆ. ಕಡಿಮೆ ವಿರೋಧ ಇರುವ ಉತ್ತರ ಕೊನೆಗೆ ಉಳಿಯುತ್ತದೆ. ಇಷ್ಟೇನಾ ಅನ್ನಿಸಬಹುದು. ಇಡೀ ಕೋರ್ಸು ಹೆಚ್ಚುಕಡಿಮೆ ಹೀಗೇ: ರಾಶಿ ಓದು, ರಾಶಿ ಬರಹ, ವಾರ ವಾರ ವಾದ. ಇಂಗ್ಲಿಷಿನಲ್ಲಿ ಉದ್ದುದ್ದ ಬರೆಯಲು ಬೇಸರ ಇರುವವರಿಗೆ ಇದು ಕಷ್ಟದ ದಾರಿ.

ಆ ಡಿಗ್ರಿ ಇದ್ದರೆ ರಾ, ಐಬಿ ಸೇರಬಹುದಾ?

ನೇರವಾಗಿ ಆಗುವುದಿಲ್ಲ. ಐಬಿಯ ಎಸಿಐಒ ಅನ್ನುವ ಬೇಹುಗಾರಿಕೆ ಅಧಿಕಾರಿ ಹುದ್ದೆಗೆ ಗೃಹ ಸಚಿವಾಲಯ ಪರೀಕ್ಷೆ ಮಾಡುತ್ತದೆ. ಯಾವುದಾದರೂ ಪದವಿ ಸಾಕು. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಬಿಎ ಮತ್ತು ಲಂಡನ್ನಿನ ಎಂಎ ಅಲ್ಲಿ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ರಾ ಸಂಸ್ಥೆ ಸಾಮಾನ್ಯವಾಗಿ ಅರ್ಜಿ ಕರೆದು ಅಧಿಕಾರಿಗಳನ್ನು ತೆಗೆದುಕೊಳ್ಳುವುದಿಲ್ಲ. ಯುಪಿಎಸ್‌ಸಿ ಬರೆದು ಐಪಿಎಸ್ ಮುಂತಾದ ಸೇವೆಗೆ ಬಂದವರಲ್ಲಿ ಬೇಕಾದವರನ್ನು ಆರಿಸಿಕೊಳ್ಳುತ್ತದೆ. ಸೈನ್ಯದ ಅಧಿಕಾರಿ ಆಗಬೇಕಾದರೆ ಪಿಯುಸಿ ಹೊತ್ತಿನ ಎನ್‌ಡಿಎ, ಪದವಿ ಹೊತ್ತಿನ ಸಿಡಿಎಸ್ ಅಥವಾ ವಾಯುಪಡೆಯ ಎಎಫ್‌ಕ್ಯಾಟ್ ಪರೀಕ್ಷೆ, ಆಮೇಲೆ ಸೇನಾ ಆಯ್ಕೆ ಮಂಡಳಿಯ, ಅಂದರೆ ಎಸ್‌ಎಸ್‌ಬಿಯ, ಐದು ದಿನದ ಸಂದರ್ಶನ. ನಮ್ಮವರು ಜಾಸ್ತಿ ಹೋಗುವ ಎಸ್‌ಎಸ್‌ಬಿ ಕೇಂದ್ರ ಬೆಂಗಳೂರಿನದು. ಡಿಆರ್‌ಡಿಒಗೆ ಎಂಜಿನಿಯರಿಂಗ್ ಪದವಿ ಮತ್ತು ಗೇಟ್ ಅನ್ನುವ ರಾಷ್ಟ್ರಮಟ್ಟದ ಪರೀಕ್ಷೆಯ ಅಂಕ.

ಹಾಗಂತ ಇಲ್ಲಿನ ಭದ್ರತಾ ಅಧಿಕಾರಿಗಳು ವಿದೇಶದಲ್ಲಿ ಓದಿಲ್ಲ ಅಂತಲ್ಲ. ಓದಿದವರು ಬಹಳ ಜನ. ಆದರೆ ಎಷ್ಟೋ ಜನ ಓದಿದ್ದು ಕೆಲಸಕ್ಕೆ ಸೇರಿದ ಮೇಲೆ. ಕೆ. ಸುಬ್ರಹ್ಮಣ್ಯಂ 1951ರ ತಂಡದ ಐಎಎಸ್ ಅಧಿಕಾರಿ. 1960ರ ದಶಕದಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ರಾಕ್‌ಫೆಲ್ಲರ್ ಫೆಲೋ ಆಗಿ ರಕ್ಷಣಾ ತಂತ್ರದ ವಿಷಯ ಓದಿದರು. ವಾಪಸ್ ಬಂದು ದೆಹಲಿಯ ರಕ್ಷಣಾ ಅಧ್ಯಯನ ಸಂಸ್ಥೆಯ ನಿರ್ದೇಶಕರಾದರು, 1999ರಲ್ಲಿ ಕಾರ್ಗಿಲ್ ಪರಿಶೀಲನಾ ಸಮಿತಿಯ ಅಧ್ಯಕ್ಷರಾದರು. ಜನರಲ್ ಬಿಪಿನ್ ರಾವತ್ ಅಮೆರಿಕದ ಫೋರ್ಟ್ ಲೆವನ್‌ವರ್ತ್‌ನ ಸೇನಾ ಕಾಲೇಜಿಗೆ ಹೋಗಿದ್ದು ಸೈನ್ಯದ ಅಧಿಕಾರಿಯಾಗಿ. ಇಂಥ ಓದಿಗೆ ಕಳಿಸುವುದು ಸೈನ್ಯವೇ. ಮನೆಯವರ ಮೇಲೆ ಸಾಲ ಬೀಳುವುದಿಲ್ಲ.

ಸಮವಸ್ತ್ರವೇ ಗುರಿಯಾದ ಹುಡುಗ ಹುಡುಗಿಗೆ ನನ್ನ ಪ್ರಕಾರ ಈ ಕ್ರಮವೇ ಸರಿ: ಮೊದಲು ಸೇರುವುದು, ಆಮೇಲೆ ಓದುವುದು. ಯಾಕೆ ಅನ್ನುವುದಕ್ಕೆ ವಯಸ್ಸಿನ ಲೆಕ್ಕ ನೋಡಿ.

ವಯಸ್ಸು ಹೇಗೆ ಕೈತಪ್ಪುತ್ತದೆ?

ಬಾಗಲಕೋಟೆಯ ಹುಡುಗಿಯೊಬ್ಬಳು 21ಕ್ಕೆ ಬಿಎ ಮುಗಿಸಿದಳು ಅಂದುಕೊಳ್ಳಿ. ಬ್ರಿಟನ್ ಸರ್ಕಾರದ ಚೀವ್ನಿಂಗ್ ಸ್ಕಾಲರ್‌ಶಿಪ್ ಮೇಲೆ ಕಣ್ಣು. ಅದಕ್ಕೆ ಪದವಿ ಜೊತೆಗೆ ಎರಡು ವರ್ಷದ ಕೆಲಸದ ಅನುಭವ ಬೇಕು. ಗಂಟೆಯಲ್ಲಿ ಹೇಳಿದರೆ 2,800 ಗಂಟೆ. ಅಲ್ಲಿಗೆ 23 ಆಯಿತು. ಅರ್ಜಿ, ಸಂದರ್ಶನ, ವೀಸಾ ಅಂತ ಮುಕ್ಕಾಲು ವರ್ಷ. ಒಂದು ವರ್ಷದ ಮಾಸ್ಟರ್ಸ್ ಮುಗಿಸಿ ಊರಿಗೆ ಬರುವಾಗ 25 ಹತ್ತಿರ.

ಎನ್‌ಡಿಎ ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ. ಅದು ಪಿಯುಸಿಯ ಹೊತ್ತಿನಲ್ಲಿ ಬರೆಯುವ ಪರೀಕ್ಷೆ, ಅವಳಿಗೆ ಯಾವಾಗಲೋ ದಾಟಿದ ವಿಷಯ. ಸಿಡಿಎಸ್ ಮೂಲಕ ಚೆನ್ನೈ ಅಕಾಡೆಮಿಗೆ 25ರ ಮಿತಿ. ವಾಯುಪಡೆಯ ಎಎಫ್‌ಕ್ಯಾಟ್‌ನಲ್ಲಿ ವಿಮಾನ ಹಾರಿಸುವ ಶಾಖೆಗೆ 24, ನೆಲದ ಕೆಲಸಗಳಿಗೆ 26. ಬಿಎಸ್‌ಎಫ್, ಸಿಆರ್‌ಪಿಎಫ್‌ನಂಥ ಪಡೆಗಳ ಅಸಿಸ್ಟೆಂಟ್ ಕಮಾಂಡೆಂಟ್ ಹುದ್ದೆಗೆ 25, ಐಬಿಯ ಎಸಿಐಒಗೆ 27. ಈ ಎರಡರಲ್ಲಿ ಮೀಸಲಾತಿ ಇದ್ದವರಿಗೆ ಕೆಲವು ವರ್ಷ ಸಡಿಲಿಕೆ ಇದೆ. ಯುಪಿಎಸ್‌ಸಿ ಸಿವಿಲ್ ಸರ್ವಿಸ್ ಮಾತ್ರ ಸಾಮಾನ್ಯ ವರ್ಗಕ್ಕೆ 32ರ ತನಕ ತೆರೆದಿರುತ್ತದೆ.

ಒಳ್ಳೆಯ ಸ್ಕಾಲರ್‌ಶಿಪ್ ಗೆದ್ದು ಬಂದ ಹುಡುಗಿಗೆ ಸೈನ್ಯದ ಬಾಗಿಲು ಬಹುಪಾಲು ಮುಚ್ಚಿರುತ್ತದೆ, ವಿದೇಶಾಂಗ ಸೇವೆಯ ಬಾಗಿಲು ತೆರೆದಿರುತ್ತದೆ. ಎರಡನೆಯದೇ ಅವಳಿಗೆ ಬೇಕಾಗಿದ್ದರೆ ನಷ್ಟವೇನೂ ಇಲ್ಲ.

ಆ ದೇಶದಲ್ಲೇ ಇಂಥ ಕೆಲಸ ಸಿಗುವುದಿಲ್ಲವೇ?

ಅಂತರ್ಜಾಲದಲ್ಲಿ "ರಾಷ್ಟ್ರೀಯ ಭದ್ರತೆಗೆ ವಿದೇಶದಲ್ಲಿ ಓದಿ" ಅಂತ ಸಲಹೆ ಕೊಡುವ ಬರಹಗಳು ಬಹುಪಾಲು ಅಮೆರಿಕದವರು ಅಮೆರಿಕದ ಮಕ್ಕಳಿಗೆ ಬರೆದವು. ಅಲ್ಲಿ 1991ರ ಕಾನೂನಿನಿಂದ ಬಂದ ಬೋರೆನ್ ಅನ್ನುವ ಸ್ಕಾಲರ್‌ಶಿಪ್ ಇದೆ. ಅದರ ದುಡ್ಡಿನಲ್ಲಿ ಅಮೆರಿಕದ ವಿದ್ಯಾರ್ಥಿಗಳು ಏಷ್ಯಾ, ಆಫ್ರಿಕಾ, ಅರಬ್ ದೇಶಗಳಿಗೆ ಹೋಗಿ ಭಾಷೆ ಕಲಿಯುತ್ತಾರೆ. ಬದಲಿಗೆ ಕನಿಷ್ಠ ಒಂದು ವರ್ಷ ತಮ್ಮ ಕೇಂದ್ರ ಸರ್ಕಾರದ ಭದ್ರತೆಗೆ ಸಂಬಂಧಪಟ್ಟ ಕೆಲಸ ಮಾಡಬೇಕು. ಅದು ಅಮೆರಿಕದ ಪೌರರಿಗೆ ಮಾತ್ರ. ನಮ್ಮವರು ಅದನ್ನು ಓದಿ, ಅಮೆರಿಕಕ್ಕೆ ಹೋದರೆ ಅವರ ಭದ್ರತಾ ಇಲಾಖೆಯಲ್ಲಿ ಕೆಲಸ ಅಂತ ತಿಳಿದುಕೊಳ್ಳುತ್ತಾರೆ.

ಯಾವ ದೇಶವೂ ತನ್ನ ಗುಟ್ಟನ್ನು ಹೊರಗಿನವರ ಕೈಗೆ ಕೊಡುವುದಿಲ್ಲ. ಸಿಐಎಗೆ ಅಮೆರಿಕದ ಪೌರತ್ವ ಬೇಕು, ಬ್ರಿಟನ್ನಿನ ಎಂಐ5, ಎಂಐ6ಗೆ ಬ್ರಿಟಿಷ್ ಪೌರತ್ವ. ಅಮೆರಿಕದ ಸೈನ್ಯಕ್ಕೆ ಗ್ರೀನ್ ಕಾರ್ಡ್ ಇದ್ದವರು ಸಿಪಾಯಿಯಾಗಿ ಸೇರಬಹುದು, ಅಧಿಕಾರಿ ಆಗಲು ಪೌರತ್ವವೇ ಆಗಬೇಕು. ಅಲ್ಲಿನ ಪೌರತ್ವ ತೆಗೆದುಕೊಂಡ ಕೂಡಲೇ ಭಾರತದ ಪೌರತ್ವ ಹೋಗುತ್ತದೆ, ಯಾಕೆಂದರೆ ನಮ್ಮಲ್ಲಿ ಎರಡು ಪೌರತ್ವಕ್ಕೆ ಅವಕಾಶ ಇಲ್ಲ. ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಒಸಿಐ ಕಾರ್ಡ್ ಇಟ್ಟುಕೊಂಡು ಊರಿಗೆ ಬಂದು ಹೋಗಬಹುದು, ಭಾರತದ ಸರ್ಕಾರಿ ಹುದ್ದೆ ಹಿಡಿಯುವಂತಿಲ್ಲ.

ಓದಿನಲ್ಲೂ ಕೆಲವು ಕೋಣೆಗಳಿಗೆ ಬೀಗ ಇರುತ್ತದೆ. ಕ್ಷಿಪಣಿ, ವಿಮಾನ, ವಿಶೇಷ ಲೋಹಗಳಂಥ ವಿಷಯಗಳಲ್ಲಿ ಬ್ರಿಟನ್ನಿನಲ್ಲಿ ಮಾಸ್ಟರ್ಸ್ ಅಥವಾ ಪಿಎಚ್‌ಡಿ ಮಾಡಲು ಭಾರತೀಯರು ವೀಸಾಕ್ಕೂ ಮುಂಚೆ ಅಟಾಸ್ ಅನ್ನುವ ಅನುಮತಿಪತ್ರ ಪಡೆಯಬೇಕು. ಅಮೆರಿಕದಲ್ಲಿ ರಕ್ಷಣಾ ತಂತ್ರಜ್ಞಾನವನ್ನು ವಿದೇಶಿಯರ ಜೊತೆ ಹಂಚಿಕೊಳ್ಳದಂತೆ ಕಟ್ಟುನಿಟ್ಟಿನ ಕಾನೂನು ಇದೆ. ಎಂಜಿನಿಯರಿಂಗ್ ಮಕ್ಕಳು ಸೀಟು ಸಿಕ್ಕ ಖುಷಿಯಲ್ಲಿ ಇದನ್ನು ಮರೆಯಬಾರದು. ಸೀಟು ಸಿಗುವುದು ಬೇರೆ, ಬೇಕಾದ ಲ್ಯಾಬಿನೊಳಗೆ ಬಿಡುವುದು ಬೇರೆ.

ವಿದೇಶದಲ್ಲಿ ಇದ್ದು ಬಂದರೆ ಇಲ್ಲಿ ಅನುಮಾನ ಪಡುತ್ತಾರಾ?

ಭದ್ರತೆಯ ಕೆಲಸಕ್ಕೆ ಆರಿಸುವ ಮುಂಚೆ ಅಭ್ಯರ್ಥಿಯ ಹಿನ್ನೆಲೆ ಪರಿಶೀಲನೆ ನಡೆಯುತ್ತದೆ. ಹೆಣ್ಣು ಕೊಡುವ ಮುಂಚೆ ಗಂಡಿನ ಊರಿಗೆ ಹೋಗಿ ಅಕ್ಕಪಕ್ಕದವರ ಹತ್ತಿರ ವಿಚಾರಿಸಿದ ಹಾಗೆ. ಹುಡುಗ ಹೇಗೆ, ಸಾಲಸೋಲ ಇದೆಯಾ, ಯಾರ ಜೊತೆ ಓಡಾಟ, ಹೇಳಿದ್ದೆಲ್ಲ ನಿಜವಾ? ದೂರದ ಊರಿನಲ್ಲಿ ಇದ್ದು ಬಂದವನ ಬಗ್ಗೆ ವಿಚಾರಿಸುವುದು ತಡ ಆಗುತ್ತದೆ, ಅಷ್ಟೇ. ಹೊರಗೆ ಓದಿದ್ದು ತಾನೇ ತಪ್ಪಾಗುವುದಿಲ್ಲ. ಮುಚ್ಚಿಟ್ಟರೆ ತಪ್ಪು.

ಕೇಂದ್ರ ಸರ್ಕಾರದ ಕೆಲಸಕ್ಕೆ ಆಯ್ಕೆಯಾದವರು ಅಟೆಸ್ಟೇಷನ್ ಫಾರ್ಮ್ ತುಂಬುತ್ತಾರೆ. ಹಿಂದಿನ ಐದು ವರ್ಷಗಳಲ್ಲಿ ಒಂದು ವರ್ಷಕ್ಕಿಂತ ಜಾಸ್ತಿ ಎಲ್ಲೆಲ್ಲಿ ಇದ್ದಿರಿ ಅಂತ ಅದು ಕೇಳುತ್ತದೆ. ವಿದೇಶದಲ್ಲಿ ಇದ್ದಿದ್ದರೆ, 21 ತುಂಬಿದ ಮೇಲೆ ಒಂದು ವರ್ಷಕ್ಕಿಂತ ಜಾಸ್ತಿ ಇದ್ದ ಜಾಗಗಳ ವಿವರ ಬರೆಯಬೇಕು. ಸುಳ್ಳು ಬರೆದರೆ ಅಥವಾ ಬಿಟ್ಟರೆ ಕೆಲಸಕ್ಕೇ ಕುತ್ತು ಅಂತ ಫಾರ್ಮಿನ ತಲೆಯಲ್ಲೇ ಎಚ್ಚರಿಕೆ ಇರುತ್ತದೆ. ಅದಕ್ಕೇ ಹೊರಗೆ ಇದ್ದಷ್ಟು ದಿನ ಬಾಡಿಗೆ ಕರಾರು, ವಿಳಾಸ, ಯಾರು ದುಡ್ಡು ಕೊಟ್ಟರು, ಪಾರ್ಟ್‌ಟೈಮ್ ಕೆಲಸ ಎಲ್ಲಿ ಅನ್ನುವುದನ್ನು ಒಂದು ಫೈಲಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ನಾಲ್ಕು ವರ್ಷ ಬಿಟ್ಟು ಕೇಳಿದರೆ ಯಾರಿಗೆ ನೆನಪಿರುತ್ತದೆ?

ಹೋಗುವ ದೇಶವೂ ಇದೇ ರೀತಿ ನೋಡುತ್ತದೆ. ಅಮೆರಿಕದ ವಿದ್ಯಾರ್ಥಿ ವೀಸಾ ಅರ್ಜಿಯಲ್ಲಿ ಸೋಷಿಯಲ್ ಮೀಡಿಯಾ ಖಾತೆಗಳ ಹೆಸರು ಬರೆಯಬೇಕು. 2025ರ ಜೂನ್‌ನಿಂದ ಆ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಲು ಹೇಳುತ್ತಿದ್ದಾರೆ.

ಹಾಗಾದರೆ ಯಾರು ಹೋಗಬೇಕು?

ಥಿಂಕ್ ಟ್ಯಾಂಕ್, ಅಧ್ಯಾಪನ, ಕಂಪನಿಗಳ ಅಪಾಯ ವಿಶ್ಲೇಷಣೆ, ಸೈಬರ್ ಭದ್ರತೆ: ಈ ನಾಲ್ಕರಲ್ಲಿ ಒಂದು ಗುರಿಯಾಗಿದ್ದರೆ ವಿದೇಶದ ಓದು ನಿಜಕ್ಕೂ ಕೈಹಿಡಿಯುತ್ತದೆ. ಇದರ ಜೊತೆಗೆ ಇನ್ನೊಂದು ದಾರಿ ಇದೆ, ನಮ್ಮವರು ಅದರ ಬಗ್ಗೆ ಯೋಚಿಸುವುದೇ ಕಡಿಮೆ: ಭಾಷೆ. ಚೀನೀ, ಬರ್ಮೀಸ್, ಪಶ್ತೋ, ಸಿಂಹಳ ಭಾಷೆಗಳನ್ನು ಪತ್ರಿಕೆ ಓದುವ ಮಟ್ಟಕ್ಕೆ ಬಲ್ಲವರು ನಮ್ಮಲ್ಲಿ ಬೆರಳೆಣಿಕೆ. ತೈವಾನ್ ಸರ್ಕಾರ ಚೀನೀ ಭಾಷೆ ಕಲಿಯುವ ವಿದೇಶಿ ವಿದ್ಯಾರ್ಥಿಗಳಿಗೆ ತಿಂಗಳ ಖರ್ಚು ಕೊಟ್ಟು ಕರೆಸಿಕೊಳ್ಳುತ್ತದೆ. ಹುವಾಯು ಸ್ಕಾಲರ್‌ಶಿಪ್ ಅಂತ ಹೆಸರು. ಲಂಡನ್ನಿನ ಸಾಧಾರಣ ಕಾಲೇಜೊಂದರ ಸೆಕ್ಯುರಿಟಿ ಡಿಗ್ರಿಗಿಂತ ತೈವಾನಿನಲ್ಲಿ ಗಟ್ಟಿಯಾಗಿ ಕಲಿತ ಚೀನೀ ಭಾಷೆಗೆ ನಾನು ಜಾಸ್ತಿ ಬೆಲೆ ಕಟ್ಟುತ್ತೇನೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಗೆಳೆಯರ ಜೊತೆ ಉರ್ದು ಆಡಿ ಬೆಳೆದ ಬೆಳಗಾವಿ, ವಿಜಯಪುರದ ಮಕ್ಕಳಿಗೆ ಇನ್ನೊಂದು ಭಾಷೆ ಅಂದರೆ ಹೆದರಿಕೆ ಇರುವುದಿಲ್ಲ.

ಹೊರಗೆ ಹೋಗದೆಯೂ ಈ ವಿಷಯದ ರುಚಿ ನೋಡಬಹುದು. ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯದ ಕ್ಯಾಂಪಸ್ ಶಿವಮೊಗ್ಗದಲ್ಲಿದೆ, ವಿಧಿವಿಜ್ಞಾನ ವಿಶ್ವವಿದ್ಯಾಲಯದ್ದು ಧಾರವಾಡದಲ್ಲಿ, ಮಣಿಪಾಲದಲ್ಲಿ ಜಿಯೋಪಾಲಿಟಿಕ್ಸ್ ಎಂಎ ಇದೆ.

ದುಡ್ಡು ಎಲ್ಲಿಂದ?

ಈ ವಿಷಯದಲ್ಲಿ ಪೂರ್ತಿ ಖರ್ಚು ಕೊಡುವ ಒಂದು ಒಳ್ಳೆಯ ಯೋಜನೆ ಯುರೋಪಿನ ಎರಾಸ್ಮಸ್ ಮುಂಡಸ್. ಸೆಕ್ಯುರಿಟಿ, ಇಂಟೆಲಿಜೆನ್ಸ್ ಅಂಡ್ ಸ್ಟ್ರಾಟೆಜಿಕ್ ಸ್ಟಡೀಸ್ ಅನ್ನುವ ಎರಡು ವರ್ಷದ ಮಾಸ್ಟರ್ಸನ್ನು ಗ್ಲಾಸ್ಗೋ, ಡಬ್ಲಿನ್, ಟ್ರೆಂಟೊ, ಪ್ರಾಗ್ ಊರುಗಳ ವಿಶ್ವವಿದ್ಯಾಲಯಗಳು ಸೇರಿ ನಡೆಸುತ್ತವೆ. ಸ್ಕಾಲರ್‌ಶಿಪ್ ಸಿಕ್ಕವರಿಗೆ ಫೀ ಇಲ್ಲ, ತಿಂಗಳಿಗೆ 1,400 ಯೂರೋ ಕೈಗೆ. ಚೀವ್ನಿಂಗ್ ಕೂಡ ಪೂರ್ತಿ ಖರ್ಚಿನದು, ಮುಗಿಸಿ ಬಂದ ಮೇಲೆ ಎರಡು ವರ್ಷ ಸ್ವದೇಶದಲ್ಲಿ ಇರಬೇಕು ಅನ್ನುವ ಷರತ್ತು ಇದೆ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ಕರ್ನಾಟಕದ ಪ್ರಬುದ್ಧ ಯೋಜನೆ ಇದೆ. ಪರಿಶಿಷ್ಟ ಜಾತಿ ಮುಂತಾದವರಿಗೆ ಇರುವ ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್‌ಗೆ ಕುಟುಂಬದ ವರ್ಷದ ಆದಾಯ 8 ಲಕ್ಷ ದಾಟಬಾರದು.

ಸ್ಕಾಲರ್‌ಶಿಪ್ ಸಿಗದಿದ್ದರೆ ಸಾಲ. ಈ ಭಾಗದ ಮನೆಗಳಲ್ಲಿ ಬರುವ ಮೊದಲ ಯೋಚನೆ "ಎರಡು ಎಕರೆ ಕಬ್ಬಿನ ಹೊಲ ಬ್ಯಾಂಕಿಗೆ ಬರೆದು ಕೊಟ್ಟರಾಯಿತು" ಅನ್ನುವುದು. ಹೊಲದ ಉತಾರ ಹಿಡಿದು ಬ್ಯಾಂಕಿಗೆ ಹೋದರೆ ಸಾಮಾನ್ಯವಾಗಿ ಮ್ಯಾನೇಜರ್ ತಲೆ ಅಲ್ಲಾಡಿಸುತ್ತಾರೆ. ಸಾಲ ತೀರದಿದ್ದರೆ ಅಡವಿಟ್ಟ ಆಸ್ತಿಯನ್ನು ಬ್ಯಾಂಕು ನೇರವಾಗಿ ವಶಪಡಿಸಿಕೊಳ್ಳಲು ಬಿಡುವ 2002ರ ಸರ್ಫೇಸಿ ಕಾನೂನು ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಮನೆ, ಎನ್‌ಎ (ಕೃಷಿಯೇತರ) ಆದ ಪ್ಲಾಟು ಅಥವಾ ಠೇವಣಿ ಕೇಳುತ್ತವೆ. ಸರ್ಕಾರಿ ಬ್ಯಾಂಕುಗಳಲ್ಲಿ 7.5 ಲಕ್ಷದವರೆಗೆ ಆಸ್ತಿ ಅಡವು ಇಲ್ಲದೆ ಸಿಗುವುದುಂಟು, ಆದರೆ ವಿದೇಶದ ಓದಿಗೆ ಅದು ಸಾಲುವುದಿಲ್ಲ.

ಸಾಲ ತೀರಿಸುವ ಲೆಕ್ಕ ಹಾಕುವಾಗ ಅಲ್ಲೇ ಎರಡು ವರ್ಷ ದುಡಿಯುವ ಆಸೆ ಎಲ್ಲರಿಗೂ ಇರುತ್ತದೆ. ಬ್ರಿಟನ್ನಿನಲ್ಲಿ ಮಾಸ್ಟರ್ಸ್ ನಂತರ ಉಳಿಯುವ ವೀಸಾ ಎರಡು ವರ್ಷದ್ದು. 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ 18 ತಿಂಗಳು. ಅಮೆರಿಕದಲ್ಲಿ ಒಂದು ವರ್ಷ, ವಿಜ್ಞಾನ-ತಂತ್ರಜ್ಞಾನ ಪಟ್ಟಿಯ ಕೋರ್ಸಾದರೆ ಇನ್ನೂ ಎರಡು ವರ್ಷ. ಸೈಬರ್ ಸೆಕ್ಯುರಿಟಿ ಸಾಮಾನ್ಯವಾಗಿ ಆ ಪಟ್ಟಿಯಲ್ಲಿ ಬರುತ್ತದೆ. ಬೇರೆ ಸೆಕ್ಯುರಿಟಿ ಕೋರ್ಸುಗಳಿಗೆ ಇದನ್ನು ಕಾಲೇಜಿಗೇ ಕೇಳಿ ಖಚಿತ ಮಾಡಿಕೊಳ್ಳಬೇಕು. ರಕ್ಷಣಾ ಕಂಪನಿಗಳ ಎಷ್ಟೋ ಹುದ್ದೆಗಳಿಗೆ ಅಲ್ಲಿನ ಪೌರತ್ವ ಬೇಕಾಗಿರುವುದರಿಂದ ನಮ್ಮವರಿಗೆ ಉಳಿಯುವುದು ಬ್ಯಾಂಕು, ಸಾಫ್ಟ್‌ವೇರ್, ಸಲಹಾ ಕಂಪನಿಗಳು.

ಹೋಗುವ ಮುಂಚೆ ಕಾಗದಪತ್ರ

ಮೊದಲ ಡಿಗ್ರಿಯನ್ನೇ ವಿದೇಶದಲ್ಲಿ ಮಾಡುವವರು ಅದಕ್ಕೆ ಭಾರತದಲ್ಲಿ ಮಾನ್ಯತೆ ಇದೆಯಾ ಅಂತ ಸೀಟು ಒಪ್ಪಿಕೊಳ್ಳುವ ಮುಂಚೆ ನೋಡಬೇಕು. 2025ರ ಏಪ್ರಿಲ್‌ನಲ್ಲಿ ಯುಜಿಸಿ ಇದಕ್ಕೆ ಹೊಸ ನಿಯಮ ತಂದಿದೆ. ಫ್ರಾಂಚೈಸಿ ಪದ್ಧತಿಯಲ್ಲಿ, ಅಂದರೆ ವಿಶ್ವವಿದ್ಯಾಲಯದ ಹೆಸರಿನಲ್ಲಿ ಬೇರೆ ಸಂಸ್ಥೆ ಪಾಠ ಮಾಡಿ ಕೊಡುವ ಡಿಗ್ರಿಗಳಿಗೆ ಅದರಲ್ಲಿ ಮಾನ್ಯತೆ ಇಲ್ಲ. ಬ್ರಿಟನ್ ವೀಸಾಕ್ಕೆ ಫೀ ಮತ್ತು ಖರ್ಚಿನ ದುಡ್ಡನ್ನು ಖಾತೆಯಲ್ಲಿ ತೋರಿಸುವುದಾದರೆ ಅದು ಸತತ 28 ದಿನ ಅಲ್ಲೇ ಇರಬೇಕು. ಮಾವನಿಂದ ಎರಡು ದಿನಕ್ಕೆ ಕೈಗಡ ತಂದು ತೋರಿಸಿದರೆ ನಡೆಯುವುದಿಲ್ಲ.

ಪಾಸ್‌ಪೋರ್ಟ್ ಮಾಡಿಸುವಾಗ ನಮ್ಮ ಕಡೆ ತೊಡಕಾಗುವುದು ಅಡ್ಡಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ಆಧಾರ್‌ನಲ್ಲಿ ಕೊನೆಗೆ, ಡಿಗ್ರಿ ಸರ್ಟಿಫಿಕೇಟಿನಲ್ಲಿ ತಂದೆಯ ಹೆಸರು ನಡುವೆ. ಮೂರೂ ಕಡೆ ಇಂಗ್ಲಿಷ್ ಸ್ಪೆಲ್ಲಿಂಗ್ ಬೇರೆ ಬೇರೆ. ವೀಸಾ ಕೊಡುವವರಿಗೂ, ಮುಂದೆ ಹಿನ್ನೆಲೆ ಪರಿಶೀಲಿಸುವವರಿಗೂ ಇವರು ಮೂವರು ಬೇರೆ ಬೇರೆ ವ್ಯಕ್ತಿಗಳಂತೆ ಕಾಣಬಹುದು. ಎಸ್‌ಎಸ್‌ಎಲ್‌ಸಿಯಲ್ಲಿ ಇರುವ ಹೆಸರನ್ನೇ ಅಳತೆ ಮಾಡಿಕೊಂಡು ಆಧಾರ್ ಮೊದಲು ಸರಿಪಡಿಸಿ, ಪಾಸ್‌ಪೋರ್ಟ್‌ಗೆ ಆಮೇಲೆ ಅರ್ಜಿ ಹಾಕಿ.